ಮಾಮಾ ಕೊಡಬೇಕಿದ್ದ ಕಬ್ಬಿಣ

ಮಕರಂದ ಒಂದು ಮಲ್ಟಿಟೂಲ್ ಆರಿಸಲು ತೆಗೆದುಕೊಂಡ ಕಾಲದಲ್ಲಿ ಬೇರೆಯವರು ಮನೆ ಕಟ್ಟಿಸಿ ಹಾಲು ಉಕ್ಕಿಸಿರುತ್ತಿದ್ದರು. ಭಾಲ್ಕಿಯ ಅಂಗಡಿಗಳಿಗೆ ಸಿಸಿಟಿವಿ ಕ್ಯಾಮೆರಾ ಕೂಡಿಸುವುದು ಅವನ ಕೆಲಸ. ಏಣಿ ಹತ್ತಿದಾಗ ಇಕ್ಕಳ ಕೆಳಗಿರುತ್ತಿತ್ತು, ಇಳಿದಾಗ ಸ್ಕ್ರೂಡ್ರೈವರ್ ಮೇಲೆ ಉಳಿಯುತ್ತಿತ್ತು. ಇಕ್ಕಳ, ಚಾಕು, ಕತ್ತರಿ, ಸ್ಕ್ರೂಡ್ರೈವರ್, ಬಾಟಲಿಯ ಮುಚ್ಚಳ ತೆಗೆಯುವ ಕೊಕ್ಕೆ ಎಲ್ಲವೂ ಒಂದರಲ್ಲೇ ಮಡಚಿಕೊಂಡು ಜೇಬಿನಲ್ಲಿ ಕೂತರೆ ಈ ಪಡಿಪಾಟಲು ತಪ್ಪುತ್ತದೆ ಎಂದು ಅವನ ವಿಚಾರ. ವಿಚಾರ ಸರಿಯೇ. ಆದರೆ ಕತ್ತರಿ ಇದ್ದದ್ದರಲ್ಲಿ ಇಕ್ಕಳ ಸಣ್ಣದು, ಇಕ್ಕಳ ದೊಡ್ಡದಿದ್ದದ್ದು ಭಾರ. ಊಟಕ್ಕೆ ಕೂತರೂ ಮೊಬೈಲಿನಲ್ಲಿ ಅದರದೇ ವಿಡಿಯೊ. ಅಷ್ಟು ಭಾರವನ್ನು ಪ್ಯಾಂಟು ತಡೆಯುತ್ತದೋ ಇಲ್ಲವೋ ನೋಡೋಣವೆಂದು ಕಿರಾಣಿ ಅಂಗಡಿಯಿಂದ ತೂಕದ ಕಲ್ಲು ಇಸಿದುಕೊಂಡು ಜೇಬಿನಲ್ಲಿಟ್ಟು ತಿರುಗಿದ ಪುಣ್ಯಾತ್ಮ ಅವನು.

“ಹೆಣ್ಣ ನೋಡಲಿಕ್ಕೂ ನೀ ಇಷ್ಟ ವಿಚಾರ ಮಾಡಲಿಲ್ಲಲ್ಲೋ,” ಎಂದು ತಾಯಿ ವಿಮಲಾಬಾಯಿ ನಕ್ಕಳು. ಬೀದರಿನ ಮಾನಸಿಯ ಜೊತೆ ಅವನ ಮದುವೆ ಗೊತ್ತಾದ ದಿನಗಳವು.

ಅವರ ಮನೆತನದಲ್ಲಿ ಒಂದು ರೂಢಿ. ಅರಿಶಿಣ ಹಚ್ಚಿದ ಮೇಲೆ ಅಕ್ಷತೆ ಬೀಳುವ ತನಕ ಮದುಮಗನ ಕೈಯಲ್ಲಿ ಕಬ್ಬಿಣ ಇರಲೇಬೇಕು. ಅದನ್ನು ಕೊಡುವವನು ಸೋದರಮಾವ, ಮತ್ತು ಕಬ್ಬಿಣ ಕೊಟ್ಟವನೇ ಅಕ್ಷತೆಯ ಹೊತ್ತಿಗೆ ಮದುಮಗನ ಬೆನ್ನ ಹಿಂದೆ ನಿಲ್ಲಬೇಕು. ಇವರ ಪಾಲಿನ ಕಬ್ಬಿಣವೆಂದರೆ ಎಕಂಬಾದ ಪಾಂಡುರಂಗ ಮಾಮಾನ ಅಡಕೊತ್ತು. ಹಿಡಿಕೆಗಳ ತುದಿಗೆ ಎರಡು ಗಿಳಿಗಳ ತಲೆ, ನಡುವೆ ಅಡಿಕೆಯನ್ನು ಎಲೆಯಷ್ಟು ತೆಳ್ಳಗೆ ಕತ್ತರಿಸುವ ಬಾಯಿ. ಮಾಮಾನಿಗೆ ಮಕ್ಕಳಿಲ್ಲ. ಅಕ್ಕನ ಮಗನ ಮದುವೆಯಲ್ಲಿ ಅದನ್ನು ಕೊಟ್ಟು ಅವನ ಹಿಂದೆ ನಿಲ್ಲುವ ಮಾತನ್ನು ಮಕರಂದ ಸಾಲೆಗೆ ಹೋಗುತ್ತಿದ್ದಾಗಿನಿಂದ ಆಡಿಕೊಂಡು ಬಂದವನು.

ಮದುವೆಗೆ ಮುಂಚೆ ಒಮ್ಮೆ ಮಾಮಾ ಭಾಲ್ಕಿಗೆ ಬಂದಿದ್ದ. ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದವನಿಗೆ ಮಕರಂದ ಮೊಬೈಲು ತೋರಿಸಿದ.

“ನಿಮ್ಮ ಅಡಕೊತ್ತ ಅಡಿಕಿ ಬಿಟ್ಟರ ಏನ ಮಾಡ್ತದ್ರಿ ಮಾಮಾ? ಇದನ್ನ ನೋಡ್ರಿ. ಸ್ಕ್ರೂ ಬಿಚ್ತದ, ಬಾಟ್ಲಿ ತೆಗೀತದ. ಒಂದ ಕೈಯಾಗ ಇಡೀ ದುಕಾನ!”

“ಹೌದಪ್ಪ, ಸ್ಕ್ರೂ ಬಿಚ್ಚೂದು ಇದಕ್ಕ ಬರಂಗಿಲ್ಲ,” ಎಂದ ಮಾಮಾ. ಅಡಕೊತ್ತನ್ನು ತಿರುಗಿಸಿ ತಿರುಗಿಸಿ ನೋಡಿದ. ಮಕರಂದ ಆಗಲೇ ಮುಂದಿನ ವಿಡಿಯೊಗೆ ಹೋಗಿದ್ದ.

ಅರಿಶಿಣದ ದಿನ ಬಂತು. ಮೈತುಂಬ ಹಳದಿ ಮೆತ್ತಿಕೊಂಡು ಕೂತವನ ಮುಂದೆ ಮಾಮಾ ಬಂದು ನಿಂತ. ಹೊಸ ಧೋತರ, ಮೇಲೆ ಕೋಟು. ಅವನ ಕೈ ಕೋಟಿನ ಒಳಜೇಬಿಗೆ ಹೋಯಿತು. ಅಷ್ಟರಲ್ಲಿ ಮಕರಂದ ಹಿಂದಿನ ವಾರವಷ್ಟೇ ಬಂದಿದ್ದ ಮಲ್ಟಿಟೂಲನ್ನು ತೆಗೆದು ಚಟ್ಟನೆ ಬಿಚ್ಚಿದ.

“ಕಬ್ಬಿಣಾ ಬೇಕಲ್ಲ? ಇದೂ ಕಬ್ಬಿಣಾನೇ ಅಲ್ಲೇನ್ರಿ ಮಾಮಾ?”

ಎಲ್ಲರೂ ಹೋ ಎಂದು ನಕ್ಕರು. ಅದರ ಚಾಕುವಿನ ತುದಿಗೆ ಯಾರೋ ಲಿಂಬೆಹಣ್ಣು ಚುಚ್ಚಿದರು.

“ಹೌದಪ್ಪ, ಕಬ್ಬಿಣಾನೇ. ಛಲೋ ಅದ,” ಎಂದ ಮಾಮಾ. ಒಳಜೇಬಿಗೆ ಹೋದ ಕೈ ಬರಿದೇ ಹೊರಗೆ ಬಂತು. ಅದನ್ನು ಮಕರಂದ ನೋಡಿದ್ದ. ನೋಡಿಯೂ ಅವನ ತಲೆಗೆ ಏನೂ ಹೊಳೆಯಲಿಲ್ಲ. ಮದುಮಗನ ತಲೆ ಎಷ್ಟಾದರೂ ಬಾಸಿಂಗ ಕಟ್ಟಲಿಕ್ಕೆ ಇರುವುದು.

ಬೀದರಿನಲ್ಲಿ ಮದುವೆ ಜೋರಾಯಿತು. ಮೈಕಿನ ವೈರು ಕಿತ್ತು ಬಂದಾಗ ಮದುಮಗನೇ ಕೈಯಲ್ಲಿದ್ದ ಕಬ್ಬಿಣದಿಂದ ವೈರು ಸುಲಿದು ಜೋಡಿಸಿಕೊಟ್ಟ. ಜನ ಚಪ್ಪಾಳೆ ಹೊಡೆದರು. ಅಕ್ಷತೆಯ ಹೊತ್ತಿಗೆ ಅವನಿಗೆ ಬೆನ್ನ ಹಿಂದೆ ಏನೋ ಖಾಲಿ ಎನಿಸಿ ಒಮ್ಮೆ ತಿರುಗಿ ನೋಡಿದ. ಫೋಟೋದವನು ಸ್ಟೂಲಿನ ಮೇಲೆ ನಿಂತಿದ್ದ. ಆಚೆ, ಚಪ್ಪಲಿಗಳ ಗುಂಪಿನ ಹತ್ತಿರ, ಮಾಮಾ. ಅಷ್ಟರಲ್ಲಿ ಅಕ್ಷತೆ ಬಿತ್ತು, ಮಕರಂದ ಮುಂದಕ್ಕೆ ತಿರುಗಿದ.

ಆಮೇಲೆ ಮಾಮಾ ಭಾಲ್ಕಿಗೆ ಬರುವುದು ಕಡಿಮೆಯಾಯಿತು. ಹಬ್ಬಕ್ಕೆ ಕರೆದರೆ ಹೊಲದಲ್ಲಿ ಕೆಲಸ ಎನ್ನುತ್ತಿದ್ದ. ಮಲ್ಟಿಟೂಲ್ ಮಾತ್ರ ದಿನವೂ ಮಕರಂದನ ಜೇಬಿನಲ್ಲಿತ್ತು. ಸುಳ್ಳೇಕೆ, ಬಹಳ ಉಪಯೋಗಕ್ಕೆ ಬಂತು.

ಈಗ ತಮ್ಮ ಕಪಿಲನ ಮದುವೆ. “ನನಗ ಮಾಮಾನ ಅಡಕೊತ್ತನೇ ಬೇಕು,” ಎಂದು ಅವನು ಹಟ ಹಿಡಿದ. ಆ ಮಾತು ಕೇಳಿದಾಗ ಮಕರಂದನಿಗೆ ಒಳಗೆ ಚುರ್ ಎಂದಿತು. ತಾನು ಆಡಬೇಕಿದ್ದ ಮಾತು ಅದು. ಇರಲಿ, ತಮ್ಮನ ಮದುವೆಯಲ್ಲಾದರೂ ಮಾಮಾ ತನ್ನ ಜಾಗದಲ್ಲಿ ನಿಲ್ಲಲಿ ಎಂದುಕೊಂಡು ಬೈಕು ಹತ್ತಿ, ಔರಾದಿನಲ್ಲಿ ಒಂದು ಚಹಾ ಕುಡಿದು, ಎಕಂಬಾ ಮುಟ್ಟಿದ.

ಮಾಮಾ ಹಾಸಿಗೆಯ ಮೇಲೆ ಕೂತು ಸುಪಾರಿಯ ಪುಡಿಕೆ ಹರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಪುಡಿಕೆಯ ಸುಪಾರಿ ತಿನ್ನುವವರನ್ನು ಕಂಡರೆ ಮೂಗು ಮುರಿಯುತ್ತಿದ್ದ ಮನುಷ್ಯ.

“ಅಡಕೊತ್ತ ಎಲ್ಲದರಿ ಮಾಮಾ? ಕಪಿಲಗ ಬೇಕಂತ.”

“ಬಸ್ಸಿನ್ಯಾಗ ಎಲ್ಯೋ ಬಿತ್ತಪ್ಪ,” ಎಂದು ಮಾಮಾ ಬೇರೆ ಕಡೆ ನೋಡಿದ.

ನೀರು ಕುಡಿಯಲು ಒಳಗೆ ಹೋದಾಗ ಮಾಮಿ ಅಂಬೂಬಾಯಿ ಅವನನ್ನು ಹಿತ್ತಲಿಗೆ ಕರೆದಳು. ಸೆರಗಿನಿಂದ ಒಂದು ಗಂಟು ಬಿಚ್ಚಿ ಕಲ್ಲಿನ ಮೇಲಿಟ್ಟಳು. ಮದುವೆಯ ಕಬ್ಬಿಣ ಬಿಟ್ಟರೆ ಕತ್ತರಿಸುವ ಸಾಮಾನನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳವಾಗುತ್ತದೆಂದು.

ಅಡಕೊತ್ತೇ. ಆದರೆ ಒಂದು ಗಿಳಿಯ ತಲೆ ಇಲ್ಲ. ಆ ಜಾಗಕ್ಕೆ ಸ್ಕ್ರೂಡ್ರೈವರಿನ ತುದಿಯೊಂದನ್ನು ಬೆಸೆದಿದ್ದರು. ಇನ್ನೊಂದು ಹಿಡಿಕೆಗೆ ಬಾಟಲಿ ತೆಗೆಯುವ ಕೊಕ್ಕೆ. ಬೆಂಕಿಯ ಕಾವಿಗೆ ಬಾಯಿ ಸೊಟ್ಟಗಾಗಿ ಅಲಗು ಅಲಗಿಗೆ ಕೂಡುತ್ತಿರಲಿಲ್ಲ.

“ನೀ ಅವತ್ತ ಕಟ್ಟಿ ಮ್ಯಾಲ ಮೊಬೈಲ ತೋರಿಸಿ ನಕ್ಕಿದ್ದಿ ನೋಡು,” ಎಂದಳು ಮಾಮಿ. “ನನ್ನ ಅಳಿಯಾಗ ಸ್ಕ್ರೂ ಬಿಚ್ಚೂದು ಬೇಕಂತ ಅಂದು ಬೀದರಕ ಒಯ್ದು ವೆಲ್ಡಿಂಗ ಮಾಡಿಸಿದ್ರು. ಅಡಿಕಿ ಕತ್ತರಸೂದು ಹೋಯ್ತು. ಹೋದರ ಹೋಗಲಿ, ಮಕರಂದನ ಕೆಲಸಕ್ಕ ಬರ್ತದಲ್ಲ ಅಂತ ಅರಿಶಿಣದ ದಿನ ಕೋಟಿನ್ಯಾಗ ಇಟ್ಕೊಂಡು ಬಂದಿದ್ರು.”

ಮಕರಂದನಿಗೆ ಅಳು ಬಂತು. ನಾಚಿಕೆಯೂ ಬಂತು. ತನ್ನ ಜೇಬಿನ ಭಾರಕ್ಕಾಗಿ ಕಲ್ಲು ಹೊತ್ತು ತಿರುಗಿದವನು ಮಾಮಾನ ಜೇಬಿನಲ್ಲಿ ಏನಿದೆ ಎಂದು ಒಂದು ಮಾತು ಕೇಳಿರಲಿಲ್ಲ.

ಅದನ್ನು ತಂದು ಮಾಮಾನ ಮುಂದೆ ಹಾಸಿಗೆಯ ಮೇಲಿಟ್ಟ. “ಕಪಿಲಗ ಇದನ್ನೇ ಕೊಡ್ರಿ ಮಾಮಾ. ತಪ್ಪಾಯ್ತು ನಂದು.”

ಮಾಮಾ ಹೆಂಡತಿಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. “ಕೆಟ್ಟ ಕಬ್ಬಿಣಾ ಮದುಮಗನ ಕೈಯಾಗ ಕೊಡಬಾರದಪ್ಪ.”

“ಹಂಗಾದರ ಇದನ್ನ ಕೊಡ್ರಿ. ನಿಮ್ಮ ಕೈಲೇ ಕೊಡ್ರಿ.” ಮಕರಂದ ತನ್ನ ಮಲ್ಟಿಟೂಲನ್ನೂ ಅದರ ಪಕ್ಕಕ್ಕೆ ಇಟ್ಟ.

ಮಾಮಾ ಮಲ್ಟಿಟೂಲನ್ನು ಎತ್ತಿಕೊಂಡ. ಬಿಚ್ಚಲು ನೋಡಿದ, ಬರಲಿಲ್ಲ. ಅಂಗಿಯ ತುದಿಯಿಂದ ಒರೆಸಿ ತಿರುಗಿ ಅಲ್ಲಿಯೇ ಇಟ್ಟ.

“ಇದು ನಿಂದು. ಅಣ್ಣ ಇದ್ದಿ, ನೀನೇ ಕೊಡು, ನೀನೇ ಅವನ ಹಿಂದ ನಿಂದ್ರು.”

“ಮತ್ತ ನೀವ್ರಿ?”

“ನಾ ಬರ್ತೇನಿ, ಅಕ್ಷತಿ ಹಾಕ್ತೇನಿ,” ಎಂದ ಮಾಮಾ. ಸುಪಾರಿಯ ಪುಡಿಕೆ ಮಡಚುತ್ತ, ಇನ್ನೊಬ್ಬರ ಸುದ್ದಿ ಹೇಳುವ ದನಿಯಲ್ಲಿ ಹೇಳಿದ: “ನಿನ್ನ ಮದಿವ್ಯಾಗ, ಅಕ್ಷತಿ ಹೊತ್ತಿನ್ಯಾಗ, ನೀ ಒಮ್ಮಿ ಹಿಂದ ತಿರುಗಿ ನೋಡಿದ್ದಿ. ನನ್ನ ಕರೀತಿ ಅಂದ್ಕೊಂಡು ಚಪ್ಪಲಿ ಬಿಟ್ಟು ನಿಂತಿದ್ನಿ.”