ಲೋಹಿತನ ಕೋಶಗಳು

ಯಲವಿಗಿಯ ಮೈಲಾರಪ್ಪ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್. ಅವನ ಮಗ ಲೋಹಿತ ಶಾಲೆಗೆ ಸೇರಿದ ಹೊಸದರಲ್ಲೇ ಓಡುವಾಗ ಮುಗ್ಗರಿಸತೊಡಗಿದ್ದ. ಆಮೇಲೆ ನೆಲದಿಂದ ಏಳಲು ಗೋಡೆ ಹಿಡಿಯಬೇಕಾಯಿತು, ಕೊನೆಗೆ ಗಾಲಿಕುರ್ಚಿಯೇ ಗತಿಯಾಯಿತು. ಸ್ನಾಯುಗಳು ಒಂದೊಂದಾಗಿ ಕರಗುವ ರೋಗ, ಮದ್ದಿಲ್ಲ ಎಂದರು ಹುಬ್ಬಳ್ಳಿಯ ಡಾಕ್ಟರು. ತಾಯಿಯ ಕಡೆಯಿಂದ ಬರುತ್ತದೆ ಎಂದೂ ಹೇಳಿದರು. ಲೋಹಿತನ ತಾಯಿ ಅಡಿವೆವ್ವ ಆ ಮಾತನ್ನು ಯಾರ ಮುಂದೆಯೂ ಆಡಲಿಲ್ಲ.

ಕೈಕಾಲು ಹೋದರೂ ಲೋಹಿತನ ದನಿ ಗಟ್ಟಿಯಾಗಿತ್ತು. ಬಂಕಾಪುರ, ಶಿಗ್ಗಾಂವಿ, ಹಾನಗಲ್ಲ, ಎಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯವಿದ್ದರೂ ಹುಡುಗರು ಟಂಟಂ ಗಾಡಿ ತಂದು ಅವನನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತಿದ್ದರು. ಮೈಕನ್ನು ಕುರ್ಚಿಗೆ ಕಟ್ಟಿದರೆ ಸಾಕು, ಸಂಜೆಯವರೆಗೂ ನಗಿಸುತ್ತ ಆಟ ಹೇಳುತ್ತಿದ್ದ.

ಅವನ ಅಕ್ಕ ವಿದ್ಯಾ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಲೋಹಿತನ ದೇಹದಲ್ಲಿ ಕೆಟ್ಟಿರುವ ಜೀನು ಬಹಳ ದೊಡ್ಡದು. ಸಾಮಾನ್ಯವಾಗಿ ಜೀನುಗಳನ್ನು ಹೊತ್ತೊಯ್ಯಲು ಬಳಸುವ ವೈರಸ್ಸುಗಳೊಳಗೆ ಅದು ಹಿಡಿಸದು. ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಾದರೆ ಪೂರ್ತಿ ಜೀನನ್ನು ಕೂಡಿಸಬಹುದು. ರೋಗಿಯದೇ ಸ್ನಾಯುಕೋಶಗಳಿಗೆ ಉಂಗುರ ಸೇರಿಸಿ, ಗಾಜಿನೊಳಗೆ ಕೋಟಿಗಟ್ಟಲೆ ಬೆಳೆಸಿ, ಮರಳಿ ಮೈಗೆ ಹಾಕುವುದು ಅವಳ ಗುರುಗಳ ಕನಸಾಗಿತ್ತು. ಅವರ ಬಾಯಲ್ಲಿ ಕೇಳಿ ಕೇಳಿ ಅದು ಅವಳ ಕನಸೂ ಆಗಿತ್ತು.

"ನಂದ ತಗೋ ಅಕ್ಕಾ. ಹೆಂಗೂ ಕರಗಿ ಹೋಗೋ ಕಂಡ ಅದು," ಎಂದ ಲೋಹಿತ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವನ ತೊಡೆಯಿಂದ ತೊಗರಿಕಾಳಿನಷ್ಟು ಮಾಂಸ ತೆಗೆದರು. ಅದರಲ್ಲಿ ಬೆಳೆಯಬಲ್ಲ ಕೋಶಗಳು ಕಡಿಮೆಯಿದ್ದವು. ಆದರೂ ವಿದ್ಯಾ ಕೆಲವನ್ನು ಬದುಕಿಸಿದಳು, ಉಂಗುರ ಹಾಕಿದಳು. ಉಂಗುರ ಹೊಕ್ಕ ಕೋಶಗಳ ಗುರುತು ಸಿಗಲೆಂದು ಅದರಲ್ಲಿ ಹಸಿರಾಗಿ ಹೊಳೆಯುವ ಒಂದು ಜೀನನ್ನೂ ಸೇರಿಸಿದ್ದಳು. ಕೆಲವು ದಿನಗಳ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲೋಹಿತನ ಕೋಶಗಳು ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತಿದ್ದವು. ಅವಳು ಫೋಟೊ ತೆಗೆದು ಮನೆಗೆ ಕಳಿಸಿದಳು.

ಅಡಿವೆವ್ವ ಆ ಫೋಟೊವನ್ನು ಪಕ್ಕದ ಮನೆಯ ಮಾಬೂಬಿಗೆ ತೋರಿಸಿದಳು. "ನಮ್ಮ ಲೋಹ್ಯಾನ ಕಂಡ ನೋಡ ಮಾಬೂಬಿ, ಧಾರವಾಡದಾಗ ಹೆಂಗ ಬೆಳ್ಯಾಕತ್ತೈತಿ!" ಅಂದಿನಿಂದ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುವುದು ಅವಳ ಕೆಲಸವಾಯಿತು.

ಉಂಗುರವಿಲ್ಲದ ಕೋಶಗಳನ್ನು ಕೊಲ್ಲುವ ಔಷಧಿಯೊಂದನ್ನು ವಿದ್ಯಾ ಕೋಶ ಬೆಳೆಸುವ ಫ್ಲಾಸ್ಕಿಗೆ ಹಾಕುತ್ತಿದ್ದಳು. ಒಂದು ದಿನ ಅದನ್ನು ನಿಲ್ಲಿಸಲೇಬೇಕಿತ್ತು. ಆ ವಿಷದೊಂದಿಗೆ ಕೋಶಗಳನ್ನು ಮನುಷ್ಯನ ಮೈಗೆ ಹಾಕಲಾಗದು. ನಿಲ್ಲಿಸಿದಳು. ಮುಂದಿನ ವಾರ ಹಸಿರು ಕಡಿಮೆಯಾಗಿತ್ತು. ಅದರ ಮುಂದಿನ ವಾರ ಹುಡುಕಿ ನೋಡಬೇಕಾಯಿತು. ಉಂಗುರದ ವಿನ್ಯಾಸ ಬದಲಿಸಿ ಮತ್ತೆ ಮಾಡಿದಳು. ಈ ಸಲ ತುಸು ಹೆಚ್ಚು ದಿನ ಉಳಿದು ಹಾಗೆಯೇ ಹೋಯಿತು.

ಆ ಬೇಸಿಗೆಯಲ್ಲಿ ವಿದ್ಯಾ ಊರಿಗೆ ಬಂದಾಗ ಲೋಹಿತ ಅವಳಿಂದ ಕುರ್ಚಿ ತಳ್ಳಿಸಿಕೊಂಡು ಸ್ಟೇಷನ್ ಕಡೆಗೆ ಹೋಗಿ, ಬೇವಿನ ನೆರಳಲ್ಲಿ ನಿಲ್ಲಿಸಿದ.

"ಅಕ್ಕಾ, ಖರೇ ಹೇಳು. ಇನ್ನ ಹಸರ ಅದಾವೇನು?"

"ಇಲ್ಲ. ಔಷಧಿ ನಿಲ್ಲಸಿದ ಮ್ಯಾಲ ಹ್ವಾದವು."

"ಯಾಕ?"

"ಒಂದ ಕೋಶ ಒಡದು ಎರಡಾಗೋವಾಗ ತನ್ನ ಡಿಎನ್‌ಎ ನಕಲ ಮಾಡಿ ಎರಡೂ ಕಡೆ ಸಮಾ ಹಂಚತೈತಿ. ನಾ ಹಾಕಿದ ಉಂಗುರ ಅದರ ಸ್ವಂತದ್ದಲ್ಲ. ಒಮ್ಮೆ ನಕಲ ಆಗತೈತಿ, ಒಮ್ಮೆ ಆಗೂದಿಲ್ಲ. ಆದ್ರೂ ಒಂದ ಕಡೆನ ಉಳದು ಇನ್ನೊಂದು ಖಾಲಿ ಬೀಳತೈತಿ. ಹಿಂಗ ಒಡಕೋತ ಹ್ವಾದಂಗ ಎಲ್ಲಾ ಖಾಲಿನ."

"ಹಂಗಾರ ಆ ಔಷಧಿ ನಿಲ್ಲಸಬ್ಯಾಡ."

"ಅದು ಉಂಗುರ ಇಲ್ಲದ ಕೋಶಾನ ಕೊಲ್ಲತೈತಿ ಲೋಹಿತ. ನಿನ್ನ ಮೈಯಾಗ ಇರೂವೆಲ್ಲಾ ಅಂಥಾವ."

ಅವನು ಮೈಕಿನ ದನಿಯಲ್ಲಿ, "ಅಲ್ಲಿಗೆ ಯಲವಿಗಿ ತಂಡ ಆಲೌಟ್!" ಎಂದ. ವಿದ್ಯಾ ನಗಲಿಲ್ಲ. ಮಾತಾಡಿದ್ದಕ್ಕೇ ಅವನಿಗೆ ಏದುಸಿರು ಬಂದಿತ್ತು. ಅದನ್ನು ಅವಳು ಆಗಲೇ ಗಮನಿಸಿದ್ದು.

"ಅವ್ವಗ ಹೇಳಬ್ಯಾಡ," ಎಂದ. "ಆಕಿ ಕಡೆ ಆ ಫೋಟೊ ಬಿಟ್ರ ಬ್ಯಾರೆ ಏನೂ ಇಲ್ಲ."

ಚಳಿಗಾಲದಲ್ಲಿ ಅವನಿಗೆ ಕೆಮ್ಮು ಹಿಡಿಯಿತು. ಕಫವನ್ನು ಹೊರಹಾಕುವಷ್ಟು ಎದೆಗೆ ಬಲವಿರಲಿಲ್ಲ. ಸವಣೂರಿನ ಆಸ್ಪತ್ರೆಗೆ, ಅಲ್ಲಿಂದ ಹುಬ್ಬಳ್ಳಿಗೆ ಕರೆದೊಯ್ದರು. ವಾರ ತುಂಬುವುದರೊಳಗೆ ತೀರಿಕೊಂಡ. ಶಿಗ್ಗಾಂವಿಯ ಕ್ರಿಕೆಟ್ ಹುಡುಗರು ಬಂದು ಗುಂಡಿ ತೋಡಿ, ಹೊತ್ತು, ಮಣ್ಣು ಮಾಡಿದರು.

ದಿವಸದ ಕಾರ್ಯ ಮುಗಿದ ಮೇಲೆ ಅಡಿವೆವ್ವ ಮಗಳನ್ನು ಕೇಳಿದಳು: "ಅಲ್ಲೆ ಇನ್ನ ಅದಾವಲ್ಲ ಅಂವನೂವು? ನಾ ನೋಡಬೇಕು."

ವಿದ್ಯಾಳ ಬಳಿ ಒಂದು ಸಣ್ಣ ಸೀಸೆ ಮಾತ್ರ ಉಳಿದಿತ್ತು, ಕೊರೆಯುವ ದ್ರವಸಾರಜನಕದಲ್ಲಿ. ಗುರುಗಳನ್ನು ಒಪ್ಪಿಸಿ ಅದನ್ನು ಕರಗಿಸಿದಳು. ತಂದೆತಾಯಿ ರೈಲಿನಲ್ಲಿ ಬಂದರು. ಮೈಲಾರಪ್ಪ ಒಳಗೆ ಬರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ವರಾಂಡದಲ್ಲೇ ನಿಂತ.

ಅಡಿವೆವ್ವ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಉದ್ದನೆಯ, ತೆಳ್ಳನೆಯ ಬೂದು ಕೋಶಗಳು ಅಲ್ಲೊಂದು ಇಲ್ಲೊಂದು ಅಂಟಿಕೊಂಡಿದ್ದವು.

"ಹಸರ ಎಲ್ಲೈತಿ?"

ವಿದ್ಯಾ ಹೇಳಿದಳು. ಹಸಿರು ಹೋಗಿ ಬಹಳ ದಿನವಾಯಿತು, ಉಂಗುರ ನಿಲ್ಲಲಿಲ್ಲ, ನಿಲ್ಲಿಸುವುದು ತನಗೆ ಸಾಧ್ಯವಾಗಲಿಲ್ಲ ಎಂದಳು.

"ಅಂವಗ ಗೊತ್ತಿತ್ತೇನು?"

"ಗೊತ್ತಿತ್ತು."

ಅಡಿವೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. "ಜೀವಂತ ಅದಾವೇನ ಇವು?"

"ಅದಾವ ಅವ್ವಾ."

"ಊಟ?"

"ಆ ಕೆಂಪ ನೀರಿನ್ಯಾಗ ಐತಿ. ದಿನಾ ಬಿಟ್ಟು ದಿನಾ ಬದಲಿ ಮಾಡ್ತೇನಿ."

"ತಪ್ಪಸಬ್ಯಾಡ," ಎಂದಳು ಅಡಿವೆವ್ವ.

ವಿದ್ಯಾ ತಪ್ಪಿಸಲಿಲ್ಲ. ಆದರೆ ರೋಗಿಯ ಸ್ನಾಯುಕೋಶಗಳು ಗಾಜಿನೊಳಗೆ ಬಹುಕಾಲ ಬೆಳೆಯುವುದಿಲ್ಲ. ಒಡೆಯುವುದು ನಿಂತಿತು. ಅಗಲವಾಗಿ ಹರಡಿ, ಒಳಗೆಲ್ಲ ಗುಳ್ಳೆ ತುಂಬಿಕೊಂಡು ಹಾಗೆಯೇ ಕೂತವು. ಕೋಶಗಳನ್ನು ಬೆಚ್ಚಗಿಡುವ, ಎಲ್ಲರೂ ಬಳಸುವ ಪೆಟ್ಟಿಗೆಯಲ್ಲಿ ಬೆಳೆಯದ ಫ್ಲಾಸ್ಕಿಗೆ ಯಾಕೆ ಜಾಗ ಎಂದು ಗುರುಗಳು ಮೆಲ್ಲಗೆ ಕೇಳಿದರು. ಆದರೂ ಅವಳು ಆಹಾರ ಬದಲಿಸುತ್ತ ಹೋದಳು. ಒಂದು ಸೋಮವಾರ ನೋಡಿದಾಗ ಎಲ್ಲವೂ ತಳ ಬಿಟ್ಟು ತೇಲುತ್ತಿದ್ದವು. ನಿಯಮದಂತೆ ಫ್ಲಾಸ್ಕಿಗೆ ಬ್ಲೀಚ್ ಸುರಿದು, ಕಾದು, ಸಿಂಕಿಗೆ ಬಗ್ಗಿಸಿ ನಲ್ಲಿ ಬಿಟ್ಟಳು.

ಊರಿಗೆ ಹೋದಾಗ ಅಡಿವೆವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ವಿದ್ಯಾ ಸುತ್ತಿ ಬಳಸದೆ ಹೇಳಿದಳು: "ಅವ್ವಾ, ಅವೂ ಹ್ವಾದವು."

"ಏನ ಮಾಡಿದಿ ಅವನ್ನ?"

ವಿದ್ಯಾ ಅದನ್ನೂ ಹೇಳಿದಳು.

ಮೊರದಲ್ಲಿ ಆಡುತ್ತಿದ್ದ ಅಡಿವೆವ್ವನ ಕೈ ನಿಂತಿತು. "ಅಂವನ ಮೈಯ ಅಲ್ಲೇನ ಅದು? ನೀರಿನ ಪಾಲ ಮಾಡಿ ಬಂದಿಯಲ್ಲವಾ. ಇಲ್ಲೆ ತಂದಿದ್ರ ಅಂವನ ಬಾಜೂಕ ಮಣ್ಣಿಗೆ ಕೊಡತಿದ್ದೆ."

ಅವು ಹೊರಗೆ ತರುವಂಥವಲ್ಲ ಎಂಬುದು ವಿದ್ಯಾಳಿಗೆ ಗೊತ್ತಿತ್ತು. ಆದರೆ ಮಣ್ಣಿಗೆ ಕೊಡಬೇಕಿತ್ತೆಂಬುದು ತನಗೆ ಹೊಳೆಯಲೇ ಇಲ್ಲವಲ್ಲ ಎಂದುಕೊಂಡು ಅವಳು ಗೋಡೆಗೆ ಒರಗಿ ಕೂತಳು. ಮೈಲಾರಪ್ಪ ಒಳಗಿದ್ದುಕೊಂಡೇ ಎಲ್ಲ ಕೇಳಿಸಿಕೊಂಡಿದ್ದ. ಡ್ಯೂಟಿಗೆ ಹೊತ್ತಾಯಿತೆಂದು ಹೊರಬಿದ್ದ.

ಅಡಿವೆವ್ವ ಆಮೇಲೆ ಆ ಮಾತು ತೆಗೆಯಲಿಲ್ಲ. ಮಗಳು ಬಂದರೆ ಬಿಸಿ ರೊಟ್ಟಿ ಬಡಿದು ಹಾಕುತ್ತಾಳೆ, ತಲೆಗೆ ಎಣ್ಣೆ ಹಚ್ಚುತ್ತಾಳೆ. ಅಲ್ಲಿ ಏನು ಮಾಡುತ್ತೀಯೆಂದು ಮಾತ್ರ ಕೇಳುವುದಿಲ್ಲ. ವಿದ್ಯಾಳೂ ಹೇಳುವುದಿಲ್ಲ.