ನೋಯುವ ಕುರ್ಚಿ

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಅದು ‘ಮಾಡಿದ್ದು ಮಹರಾಯ, ಉಂಡಿದ್ದು ಪಕ್ಕದವಳು’ ಎಂದಾಯಿತು. ನಾನು ಹೇಳುವುದರಲ್ಲಿ ಮುಕ್ಕಾಲು ಬೊಗಳೆ. ಇದು ಉಳಿದ ಕಾಲುಭಾಗಕ್ಕೆ ಸೇರಿದ್ದು.

ನಾನು ಚಿತ್ರಗಾರ, ಅಮ್ಮನ ಪ್ರಕಾರ ವಿಚಿತ್ರಗಾರ. ಎಕ್ಸ್‌ರೇಯಲ್ಲಿ ಕಾಣದ ನೋವಿನ ಬಗ್ಗೆ ಡಾಕ್ಟರುಗಳೂ ರೋಗಿಗಳೂ ಒಂದೇ ಮೇಜಿಗೆ ಕೂತು ಸಂಶೋಧನೆ ಮಾಡುತ್ತಿದ್ದರು. ನಾನು ಹಾಳೆಗಳ ಮೇಲೆ ಮನುಷ್ಯನ ಬರಿಯ ಅಂಚುಗೆರೆ ಬರೆದುಕೊಡುವುದು, ರೋಗಿಗಳು ನೋವಿರುವಲ್ಲಿ ಕೆಂಪು ಬಳಿಯುವುದು. ಹಾಳೆಯ ಮೇಲೆ ಯಾರ ಹೆಸರೂ ಇಲ್ಲ. ಕೊನೆಗೆ ಅವು ಆಸ್ಪತ್ರೆಯ ಗೋಡೆಗೂ ಡಾಕ್ಟರುಗಳು ಓದುವ ಪುಸ್ತಕಕ್ಕೂ ಹೋಗಬೇಕು.

ರೋಗಿಗಳಲ್ಲಿ ಒಬ್ಬಳು, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅಕ್ಕ, ಬಲಭುಜದಿಂದ ಬೆರಳ ತುದಿಯವರೆಗೂ ಬಳಿದಳು. ಅಲ್ಲಿಗೂ ನಿಲ್ಲದೆ ಆ ಕೈಗೊಂದು ಇಸ್ತ್ರಿಪೆಟ್ಟಿಗೆ ಬರೆದು ಅದನ್ನೂ ಕೆಂಪು ಮಾಡಿದಳು.

“ಪೆಟ್ಟಿಗೆಗೂ ನೋವಾ ಅಕ್ಕ?”

“ಕೆಳಗಿಟ್ರೂ ಅದು ಕೈಯಲ್ಲೇ ಇರುತ್ತೆ ಕಣೋ. ಊಟಕ್ಕೆ ಕೂತ್ರೂ ಇರುತ್ತೆ. ಮೂರು ಡಾಕ್ಟ್ರು ‘ಏನೂ ಇಲ್ಲಮ್ಮ’ ಅಂದು ಕಳಿಸಿದ್ರು. ಇದನ್ನ ನೋಡಿದ ಮೇಲಾದ್ರೂ ನಂಬ್ತಾರೆ.”

ನನ್ನ ಕೈ ಸುಮ್ಮನಿರಬೇಕಲ್ಲ! ಸಂಶೋಧನೆಯ ಮುಖ್ಯಸ್ಥೆ ಡಾಕ್ಟರ್ ಮೇಡಂ ಮೀಟಿಂಗಿಗೆ ಕೂತರೆ ಏಳುವವರಲ್ಲ. ಒಂದು ಹಾಳೆಯಲ್ಲಿ ಮನುಷ್ಯನನ್ನು ಬಿಳಿಯಾಗಿಯೇ ಬಿಟ್ಟು, ಅವನ ಕೆಳಗೊಂದು ಕುರ್ಚಿ ಬರೆದು ಅದಕ್ಕೆ ಮಾತ್ರ ಕೆಂಪು ಬಳಿದು ರಾಶಿಯೊಳಗೆ ತೂರಿಸಿದೆ. ಮೇಡಂ ಅದನ್ನು ಎತ್ತಿ ಹಿಡಿದು, “ಎಂಥಾ ಆಳ ನೋಡಿ!” ಎಂದರು.

ಟೀ ಹೊತ್ತಿಗೆ ಅವರದೇ ಮೂಗುದನಿ ತೆಗೆದು, “ನೋಡೀ... ಈ ರಾಶೀಲಿ ಒಂದು ಹಾಳೆ ನಮ್ಮ ಚಿತ್ರಗಾರನ ಕಿತಾಪತಿ” ಎಂದೆ. ಎಲ್ಲರೂ ನಕ್ಕರು.

“ಯಾವುದ್ರೀ ಅದು?” ಮೇಡಂ ಕೇಳಿದರು.

“ನೀವೇ ಕಂಡುಹಿಡೀರಿ ಮೇಡಂ.”

ಆಗಲೇ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಬೇಡದಾಗ ಹತ್ತು ಜನರ ದನಿಯಲ್ಲಿ ಆಡುವ ನಾಲಿಗೆ, ಬೇಕಾದಾಗ ತನ್ನ ದನಿಯಲ್ಲೂ ಆಡಲಿಲ್ಲ.

ಪ್ರದರ್ಶನದ ದಿನ ಹೋಗಿ ನೋಡಿದರೆ ಗೋಡೆಯ ನಟ್ಟನಡುವೆ ನನ್ನ ಕುರ್ಚಿ. ಅಚ್ಚಾಗಿ ಬಂದ ಪುಸ್ತಕದಲ್ಲೂ ಅದೇ. ಅಕ್ಕನ ಹಾಳೆ ಎಲ್ಲೂ ಇಲ್ಲ.

“ಹಿಡಿದುಬಿಟ್ಟೆ ನಿಮ್ಮ ತಮಾಷೆನ!” ಮೇಡಂ ಬೀಗಿದರು. “ಇಸ್ತ್ರಿಪೆಟ್ಟಿಗೆಗೆ ಎಲ್ಲಾದ್ರೂ ನೋವಾಗುತ್ತೇನ್ರೀ? ಹರಿದು ಹಾಕಿಸ್ದೆ.”

ನಿಜ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಬಾರದ ಫೋನನ್ನು ಕಿವಿಗೆ ಹಿಡಿದು ಹೊರಗೆ ನಡೆದರು.

ಅಷ್ಟರಲ್ಲಿ ಅಕ್ಕ ಬಂದಳು, ಸೊಸೆಯನ್ನೂ ಕರೆದುಕೊಂಡು. ಇಬ್ಬರ ಬಟ್ಟೆಗೂ ಗರಿಗರಿ ಇಸ್ತ್ರಿ. ಗೋಡೆಯನ್ನು ಈ ತುದಿಯಿಂದ ಆ ತುದಿಗೆ ಎರಡು ಸಲ ನೋಡಿದಳು.

“ನಂದೆಲ್ಲೋ?”

ಏನೂ ಬಚ್ಚಿಡದೆ ಹೇಳಿದೆ. ಸೊಸೆ ನೆಲ ನೋಡತೊಡಗಿದಳು.

“ಅಂದ್ರೆ, ಕುರ್ಚಿ ನೋವನ್ನ ನಂಬಿದ್ರು,” ಅಕ್ಕ ನಿಧಾನವಾಗಿ ಅಂದಳು. “ನಂದು ತಮಾಷೆ ಆಯ್ತು.”

“ತಪ್ಪಾಯ್ತು ಅಕ್ಕ.”

“ಮೇಡಂ ಏನಂದ್ರು? ಅವರ ಥರಾನೇ ಅಂದು ತೋರ್ಸು.”

“ಬೇಡ ಅಕ್ಕ.”

“ಊರಿಗೆಲ್ಲ ನಗು ಹಂಚ್ತೀಯ, ನನಗೊಂದು ಪಾಲಿಲ್ವಾ?”

ಮೂಗುದನಿ ತೆಗೆದೆ. “ಇಸ್ತ್ರಿಪೆಟ್ಟಿಗೆಗೆ ಎಲ್ಲಾದ್ರೂ...” ಮುಂದಕ್ಕೆ ಅದು ಮೇಡಂ ದನಿಯಾಗಿ ಉಳಿಯಲಿಲ್ಲ.

ವಿಷಯ ತಿಳಿಯದೆ ಸುತ್ತಲಿದ್ದವರು ನಕ್ಕರು. ಅವರೆಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕ, ಬಲಭುಜವನ್ನು ಎಡಗೈಯಲ್ಲಿ ಅವುಚಿ ಹಿಡಿದುಕೊಂಡು.