ಬೀರುವಿನಲ್ಲಿಟ್ಟ ಶಾಲು

ಹೆಂಡತಿ ತೀರಿಕೊಂಡ ಮೇಲೆ ಬಡಗಿಗೆ ಊಟ ಸೇರದಂತಾಯಿತು. ತಟ್ಟೆಯ ಮುಂದೆ ಕೂತರೆ ನಾಲ್ಕು ತುತ್ತಿಗೇ ಕೈ ನಿಲ್ಲುತ್ತಿತ್ತು. ಅಂಗಿ ಮೈಮೇಲೆ ಜೋತುಬಿತ್ತು. ಮಗಳು ಎಳೆದುಕೊಂಡು ಹೋಗಿ ತೋರಿಸಿದ ಇಬ್ಬರು ಡಾಕ್ಟರುಗಳೂ ಮನೆಯಲ್ಲಿ ಏನಾದರೂ ಆಯಿತಾ ಎಂದು ಕೇಳಿದರು. ಹೆಂಡತಿ ಹೋದಳು ಎಂದು ಅವನು ಹೇಳುವಷ್ಟರಲ್ಲೇ ಪೆನ್ನು ಚೀಟಿಯ ಮೇಲೆ ಓಡುತ್ತಿತ್ತು. ದುಃಖಕ್ಕೊಂದು ಮಾತ್ರೆ, ನಿದ್ದೆಗೊಂದು ಮಾತ್ರೆ. ದುಃಖವಿದ್ದದ್ದೇನೋ ನಿಜ. ಮಾತ್ರೆ ನುಂಗಿದ, ಮಲಗಿದ, ಇನ್ನಷ್ಟು ಸೊರಗಿದ.

ಆಮೇಲೆ ಹೋದದ್ದು ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ. ಅವರು ನಿಧಾನಕ್ಕೆ ಹೆಸರುವಾಸಿ. ಬಾಗಿಲ ಮುಂದಿನ ಸಾಲು ಜಪ್ಪಯ್ಯ ಎಂದರೂ ಮುಂದೆ ಸರಿಯುತ್ತಿರಲಿಲ್ಲ.

"ಒಳಗೆ ಹೋದವರು ಮುದುಕರಾಗಿ ಹೊರಗೆ ಬರ್ತಾರೆ," ಎಂದು ನರ್ಸು ನಕ್ಕಳು.

"ನಾನು ಹೋಗುವಾಗಲೇ ಮುದುಕ. ನನಗೇನು ನಷ್ಟ," ಎಂದ ಬಡಗಿ. ಮಗಳು ತಿರುಗಿ ನೋಡಿದಳು. ಅಪ್ಪನ ಬಾಯಿಂದ ತಮಾಷೆ ಕೇಳಿ ಎಷ್ಟೋ ಕಾಲವಾಗಿತ್ತು.

ಡಾಕ್ಟರಮ್ಮ ಕುರ್ಚಿಯನ್ನು ಮೇಜಿನ ಹಿಂದಿನಿಂದ ಈಚೆಗೆ ಎಳೆದುಕೊಂಡು ಅವನ ಪಕ್ಕಕ್ಕೆ ಕೂತರು.

"ಏನಾಗ್ತಿದೆ, ನಿಮ್ಮ ಮಾತಲ್ಲೇ ಹೇಳಿ."

"ಊಟ ಸೇರಲ್ಲ."

"ಹಸಿವಾಗುತ್ತಾ?"

ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಅವನು ಯೋಚಿಸಿದ. "ಹಸಿವಾಗುತ್ತೆ. ಬಾಯಿಗಿಟ್ಟರೆ ಮಣ್ಣು ತಿಂದ ಹಾಗೆ."

"ಉಪ್ಪು, ಸಿಹಿ?"

"ಅವು ಗೊತ್ತಾಗುತ್ತೆ. ಕಾಫಿ ಮಾತ್ರ ಬರೀ ಕಹಿ ನೀರು."

"ಯಾವಾಗಿಂದ? ಅವರು ಹೋದ ಕೂಡಲೇನಾ?"

"ಇಲ್ಲ. ಆಮೇಲೆ," ಎಂದು ಬಡಗಿ ಸುಮ್ಮನಾದ. ಡಾಕ್ಟರಮ್ಮನೂ ಸುಮ್ಮನೆ ಕೂತರು. ಹೊರಗೆ ಯಾರೋ ಕೆಮ್ಮಿದರು, ಗಾಡಿಯ ಚಕ್ರ ಕಿರುಗುಟ್ಟಿತು. ಇವರು ಮುಂದಿನ ಪ್ರಶ್ನೆ ಕೇಳಲಿ, ಮಾತು ಬೇರೆ ಕಡೆ ಹೊರಳಲಿ ಎಂದು ಅವನು ಕಾದ. ಅವರು ಕೇಳಲಿಲ್ಲ. ಕೊನೆಗೆ ಅವನೇ ಬಾಯಿ ಬಿಟ್ಟ.

"ಅವಳದೊಂದು ಶಾಲು ಬೀರುವಲ್ಲಿದೆ. ಅವಳು ಬಟ್ಟೆ ಹೊಲಿಯೋಳು. ತಲೆಗೆ ಹಚ್ಚೋ ಎಣ್ಣೆ, ಹೊಲಿಗೆ ಮಿಷನ್ನಿನ ಎಣ್ಣೆ, ಎರಡೂ ಸೇರಿ ಅವಳದೇ ಒಂದು ವಾಸನೆ. ಮೊದಮೊದಲು ದಿನಾ ಬಾಗಿಲು ತೆಗೆದು ಅದರಲ್ಲಿ ಮುಖ ಇಟ್ಟು ನಿಲ್ತಿದ್ದೆ. ಬರ್ತಾ ಬರ್ತಾ ಕಡಿಮೆ ಆಯ್ತು. ಈಗ ಏನೂ ಇಲ್ಲ, ಬರೀ ಬಟ್ಟೆ. ಪೂರ್ತಿ ಹೊರಟುಹೋದಳು."

ಹೇಳಿದ ಮೇಲೆ ನಾಚಿಕೆಯಾಯಿತು. ಮಗಳ ಮುಂದೆ ಇಂಥ ಮಾತು ಆಡಿದವನಲ್ಲ.

ಡಾಕ್ಟರಮ್ಮ ಮೆಲ್ಲಗೆ ಕೇಳಿದರು: "ಆ ಶಾಲನ್ನ ಬೇರೆ ಯಾರಾದ್ರೂ ಮೂಸಿ ನೋಡಿದ್ದಾರಾ?"

ಇದೆಂಥ ಪ್ರಶ್ನೆ ಎಂದು ಅವನಿಗೆ ರೇಗಿತು. ಅಷ್ಟರಲ್ಲಿ ಗೋಡೆಗೊರಗಿ ನಿಂತಿದ್ದ ಮಗಳು ತಲೆ ತಗ್ಗಿಸಿಕೊಂಡೇ ಹೇಳಿದಳು: "ನಾನು ನೋಡ್ತಿರ್ತೀನಿ. ಅಪ್ಪ ಹೊರಗೆ ಹೋದಾಗ. ವಾಸನೆ ಹಾಗೇ ಇದೆ ಮೇಡಂ. ಬಾಗಿಲು ತೆಗೆದ್ರೆ ಅಮ್ಮ ಒಳಗೇ ಕೂತಿರೋ ಹಾಗೆ."

ಬಡಗಿಗೆ ಮೊದಲು ಹುಟ್ಟಿದ್ದು ಹೊಟ್ಟೆಕಿಚ್ಚು, ಹೆತ್ತ ಮಗಳ ಮೇಲೆ. ಅದರ ಬೆನ್ನಿಗೇ ಒಂದು ಬಗೆಯ ನೆಮ್ಮದಿ. ಹಾಗಾದರೆ ಅವಳು ಎಲ್ಲಿಗೂ ಹೋಗಿಲ್ಲ.

ಡಾಕ್ಟರಮ್ಮ ಅವನ ಕಣ್ಣು ಮುಚ್ಚಿಸಿ, ಒಂದೊಂದೇ ಹೊಳ್ಳೆಗೆ ಕಾಫಿಪುಡಿ ಹಿಡಿದರು, ಸೋಪು ಹಿಡಿದರು. ಅವನಿಗೆ ಎರಡೂ ಒಂದೇ, ಬರೀ ಗಾಳಿ. ಶೀತ, ತಲೆಗೆ ಪೆಟ್ಟು, ಮೂಗು ಕಟ್ಟುವುದು, ಎಲ್ಲ ಕೇಳಿದರು. ಯಾವುದೂ ಇರಲಿಲ್ಲ. ಪಕ್ಕದ ಒಲೆಯ ಮೇಲೆ ಕಾಯಲಿಟ್ಟ ಮರಗೆಲಸದ ಅಂಟು ಸೀದು ಕರಕಲಾದರೂ ಅಪ್ಪನಿಗೆ ತಿಳಿಯಲಿಲ್ಲ ಎಂಬುದು ಆಗ ಮಗಳಿಗೆ ನೆನಪಾಯಿತು. ಬೆಳಗ್ಗೆ ತಲೆನೋವು ಬರುವುದನ್ನು ಅವನೂ ಒಪ್ಪಿಕೊಂಡ. ಒಂದು ಕಣ್ಣು ಮುಚ್ಚಿ ನೋಡಲು ಹೇಳಿದಾಗ ಎಡಗಣ್ಣಿಗೆ ಗೋಡೆಯ ಕ್ಯಾಲೆಂಡರ್ ಹೊಗೆಯೊಳಗಿದ್ದಂತೆ ಕಂಡಿತು. ಅವನು ಇಷ್ಟು ದಿನ ಕನ್ನಡಕವನ್ನು ಬೈದುಕೊಂಡಿದ್ದ.

"ನಿಮಗೆ ದುಃಖ ಇದೆ, ಇಲ್ಲ ಅನ್ನಲ್ಲ," ಎಂದರು ಡಾಕ್ಟರಮ್ಮ. "ಆದರೆ ದುಃಖ ವಾಸನೆಯನ್ನೂ ಒಂದು ಕಣ್ಣನ್ನೂ ಹೀಗೆ ಕಿತ್ಕೊಳ್ಳಲ್ಲ. ವಾಸನೆ ಹೋಗಿರೋದು ಶಾಲಿಂದ ಅಲ್ಲ, ನಿಮ್ಮಿಂದ. ಹಣೆಯ ಹಿಂದೆ, ವಾಸನೆಯ ನರ ಇರೋ ಜಾಗದಲ್ಲಿ ಏನೋ ಬೆಳೆದು ಒತ್ತುತ್ತಿದೆ ಅಂತ ನನ್ನ ಅನುಮಾನ. ಸ್ಕ್ಯಾನ್ ಮಾಡಿಸೋಣ."

ಅನುಮಾನ ನಿಜವಾಯಿತು. ಗಡ್ಡೆಯಿತ್ತು. ಕ್ಯಾನ್ಸರ್ ಅಲ್ಲ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದದ್ದು. ಆಪರೇಷನ್ ಆಗಲೇಬೇಕು ಎಂದರು. ಬದುಕುತ್ತೀನಾ ಎಂದು ಬಡಗಿ ಕೇಳಲಿಲ್ಲ.

"ತೆಗೆದರೆ ವಾಸನೆ ಬರುತ್ತಾ?"

"ಕಣ್ಣು ಉಳಿಯುತ್ತೆ ಅನ್ನೋ ನಂಬಿಕೆ ಇದೆ. ವಾಸನೆ ಬರೋದು ಕಷ್ಟ. ನಿಮಗೆ ಸುಳ್ಳು ಹೇಳಲಾರೆ."

"ಒಂದೇ ಸಲ ಸಾಕಿತ್ತು ಡಾಕ್ಟರಮ್ಮ," ಎಂದ ಬಡಗಿ. ಅವರು ಎದ್ದು ಹೋಗದೆ ಅವನ ಪಕ್ಕದಲ್ಲೇ ಕೂತರು. ನರ್ಸು ಬಾಗಿಲಲ್ಲಿ ಇಣುಕಿ, ಇಬ್ಬರನ್ನೂ ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿದಳು.

ಆಪರೇಷನ್ ಸರಿಯಾಗಿಯೇ ಆಯಿತು. ಎಡಗಣ್ಣಿನ ಮಬ್ಬು ಕ್ರಮೇಣ ತಿಳಿಯಾಯಿತು. ಗರಿಗರಿ, ಮೆತ್ತಗೆ, ಬಿಸಿ, ಖಾರ ಎಂದು ನಾಲಿಗೆ ಹಲ್ಲುಗಳನ್ನೇ ನಂಬಿ ಉಣ್ಣುವುದನ್ನು ಕಲಿತು ಅವನು ಮೈ ಕೈ ತುಂಬಿಕೊಂಡ. ವಾಸನೆ ಮಾತ್ರ ಬರಲಿಲ್ಲ. ದಾರಿಯಲ್ಲಿ ಹೆಂಡತಿಯ ವಯಸ್ಸಿನ ಹೆಂಗಸು ಹಾದುಹೋದರೆ ಈಗಲೂ ಅವನ ಮೂಗು ತಾನಾಗಿ ಉಸಿರು ಎಳೆದುಕೊಳ್ಳುತ್ತದೆ.

ಮಗಳು ಈಗ ಕದ್ದು ಬೀರು ತೆಗೆಯುವುದಿಲ್ಲ. ಒಂದು ಸಂಜೆ ಅವಳು ಶಾಲಿಗೆ ಮುಖವಿಟ್ಟು ನಿಂತಿದ್ದಾಗ ಅವನು ಮಂಚದ ಮೇಲೆ ಕೂತು ಕಾದ.

"ಇದೆಯಾ?"

"ಇದೆ ಅಪ್ಪ. ಸ್ವಲ್ಪ ಕಡಿಮೆ ಆಗಿದೆ." ಅವಳು ಬಂದು ಪಕ್ಕದಲ್ಲಿ ಕೂತಳು. "ನೀವು ಕೆಲಸದಿಂದ ಬರೋ ಹೊತ್ತಿಗೆ ಅಮ್ಮ ಮಿಷನ್ ನಿಲ್ಲಿಸಿ ಕಿಟಕಿ ಹತ್ರ ನಿಲ್ತಿದ್ದಳು, ಗೊತ್ತಾ? ನಿಮ್ಮ ಸೈಕಲ್ ತಿರುವಲ್ಲಿ ಕಂಡ ತಕ್ಷಣ ಓಡಿಹೋಗಿ ಮತ್ತೆ ಹೊಲಿಯೋಕೆ ಕೂರೋಳು, ಏನೂ ಆಗಿಲ್ಲ ಅನ್ನೋ ಹಾಗೆ."

ಬಡಗಿ ಅವಳ ಕಡೆ ತಿರುಗಿದ. "ನನಗೆ ಯಾಕೆ ಹೇಳಲಿಲ್ಲ?"

"ನೀವು ಯಾವತ್ತೂ ಕೇಳಲಿಲ್ಲವಲ್ಲ."

ಅವನು ಎದ್ದು ಕಿಟಕಿಯ ಹತ್ತಿರ ಹೋದ. ಆಮೇಲೆ ಕೇಳಿದ: "ಯಾವ ಕಡೆಗೆ ನಿಲ್ತಿದ್ದಳು? ಈ ಕಡೆಗಾ, ಆ ಕಡೆಗಾ?"